ಹತ್ತು ನಿಮಿಷ ತಡವಾದ ಗಂಟೆ

ಗಂಟೆಯಮ್ಮ ಮೂವತ್ತೆರಡು ವರ್ಷ ನಮ್ಮ ಶಾಲೆಯ ಗಂಟೆ ಹೊಡೆದರು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ತಡ ಮಾಡಿದರು, ಅದೂ ಹತ್ತು ನಿಮಿಷ. ಆ ಹತ್ತು ನಿಮಿಷದಿಂದ ನನ್ನ ಅಕ್ಕ ಉಳಿದುಕೊಂಡಳು ಎಂದು ನಾನು ಹೇಳಿದರೆ, ಇವಳದು ಯಾವಾಗಲೂ ಒಂದಕ್ಕೆ ಎರಡು ಸೇರಿಸುವ ಬಾಯಿ ಎಂದು ಮನೆಯವರು ನಗುತ್ತಾರೆ. ನಗಲಿ. ಲೆಕ್ಕ ತಪ್ಪಿದವಳು ನಾನು, ಸರಿ ಮಾಡಿದವರು ಅವರು. ಅವರ ಋಣ ನನ್ನ ಮೇಲಿದೆ, ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಶಾಲೆ ಹೆಣ್ಣುಮಕ್ಕಳದು. ಕಚೇರಿಯ ಮುಂದಿನ ತೊಲೆಗೆ ದಪ್ಪ ಹಿತ್ತಾಳೆಯ ತಟ್ಟೆಯೊಂದನ್ನು ತೂಗುಬಿಟ್ಟಿದ್ದರು, ಪಕ್ಕದ ಮೊಳೆಯಲ್ಲಿ ಮರದ ಕೊಡತಿ. ಆ ಕೊಡತಿಯನ್ನು ಗಂಟೆಯಮ್ಮ ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವರು ಕೈಗಡಿಯಾರವನ್ನು ಮುಖ ಒಳಗೆ ಮಾಡಿ ಬಲಗೈಗೆ ಕಟ್ಟಿಕೊಳ್ಳುತ್ತಿದ್ದರು. ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಅದನ್ನು ಸರಿ ಮಾಡಿಕೊಂಡೇ ಮನೆ ಬಿಡುತ್ತಿದ್ದರು. ಮುಖ್ಯೋಪಾಧ್ಯಾಯಿನಿಯವರು ತಮ್ಮ ಗಡಿಯಾರವನ್ನು ಗಂಟೆಯಮ್ಮನ ಹೊಡೆತ ಕೇಳಿ ತಿದ್ದಿಕೊಳ್ಳುತ್ತಿದ್ದರು. ಎದುರು ಬೀದಿಯ ಟೈಲರ್ ಊಟಕ್ಕೆ ಏಳುತ್ತಿದ್ದದ್ದೂ ಅದನ್ನು ಕೇಳಿಯೇ.

ಗಂಟೆ ಹೊಡೆಯದ ಹೊತ್ತಿನಲ್ಲಿ ಅವರ ಜಾಗ ಮೆಟ್ಟಿಲ ಕೆಳಗಿನ ಮೂಲೆ. ಅಲ್ಲೊಂದು ತುಕ್ಕು ಹಿಡಿದ ಬೀರು. ಅದರೊಳಗೆ ಹತ್ತಿ, ಪಿನ್ನು, ಬಿಸಿನೀರಿನ ಚೀಲ, ಪ್ಯಾಡಿನ ಪೊಟ್ಟಣ, ಒಗೆದು ಮಡಿಸಿಟ್ಟ ಎರಡು ಸ್ಕರ್ಟು. ತರಗತಿಯಿಂದ ಹೊಟ್ಟೆ ಹಿಡಿದುಕೊಂಡು ಬಂದವಳನ್ನು ಏನಾಯಿತು, ಎತ್ತಾಯಿತು ಎಂದು ಕೇಳುತ್ತಿರಲಿಲ್ಲ. ಬೀರು ತೆರೆದು, ಆಚೆ ಮುಖ ಮಾಡಿ ನಿಲ್ಲುತ್ತಿದ್ದರು. ಏಳನೇ ತರಗತಿಗೇ ಓದು ಬಿಟ್ಟವರು. ಬರೆಯುವಾಗ ಒಂದೊಂದು ಅಕ್ಷರ ಒಂದೊಂದು ಕಡೆ ವಾಲುತ್ತಿತ್ತು. ಆದರೆ ಕಿವಿ ಮಾತ್ರ ಬಲು ಚುರುಕು.

ನಾನಾಗ ಹತ್ತನೇ ತರಗತಿ. ಓದಿನಲ್ಲಿ ಅಷ್ಟಕ್ಕಷ್ಟೆ, ರಜೆಯ ಲೆಕ್ಕದಲ್ಲಿ ಮಾತ್ರ ನನ್ನನ್ನು ಮೀರಿಸುವವರು ಇರಲಿಲ್ಲ. ಗೈರುಹಾಜರಾದವರು ಮೂರು ದಿನದೊಳಗೆ ಮನೆಯವರ ಸಹಿ ಇರುವ ರಜೆ ಚೀಟಿ ತರಬೇಕು ಎಂಬುದು ಶಾಲೆಯ ನಿಯಮ. ಆ ಮೂರು ದಿನ ಎಂದರೆ ಹಾಜರಿ ಪುಸ್ತಕದ ಮೂರು ದಿನ. ಭಾನುವಾರ ಲೆಕ್ಕಕ್ಕಿಲ್ಲ, ರಜೆ ಲೆಕ್ಕಕ್ಕಿಲ್ಲ. ಮಧ್ಯೆ ಎರಡು ರಜೆ ಬಿದ್ದರೆ ಅಪ್ಪನ ಸಿಟ್ಟು ಇಳಿದು ಸಹಿ ಹಾಕುವಷ್ಟು ಕಾಲ ಸಿಗುತ್ತಿತ್ತು. ಯಾವಾಗ ತಪ್ಪಿಸಿಕೊಂಡರೆ ಯಾವಾಗಿನವರೆಗೆ ಗಡುವು ಎಂದು ಇಡೀ ತರಗತಿ ನನ್ನನ್ನೇ ಕೇಳುತ್ತಿತ್ತು. ಕ್ಯಾಲೆಂಡರ್ ಎಂದೇ ನನ್ನ ಅಡ್ಡಹೆಸರು. ಆ ಹೆಸರಿಗೆ ನಾನು ಹಿಗ್ಗುತ್ತಿದ್ದೆ.

ಜೀವಶಾಸ್ತ್ರದ ಟೀಚರ್ ಸಂತಾನೋತ್ಪತ್ತಿಯ ಆ ಪಾಠ ಬಂದಾಗ, ಇದನ್ನು ಮನೆಯಲ್ಲೇ ಓದಿಕೊಳ್ಳಿ ಎಂದು ಹನ್ನೆರಡು ಪುಟ ಒಟ್ಟಿಗೆ ಮಗುಚಿದ್ದರು. ಮನೆಯಲ್ಲಿ ಆ ಪುಟ ತೆರೆದರೆ ಅಮ್ಮ ಪುಸ್ತಕವನ್ನೇ ಮುಚ್ಚುತ್ತಿದ್ದಳು. ಹಾಗಾಗಿ ನಮಗೆ ಗೊತ್ತಿದ್ದದ್ದೆಲ್ಲ ಒಬ್ಬರ ಬಾಯಿಂದ ಒಬ್ಬರ ಕಿವಿಗೆ ಬಂದದ್ದು. ಬಿಸಿನೀರು ಕುಡಿದು ಮೆಟ್ಟಿಲು ಹತ್ತಿಳಿದರೆ ಗರ್ಭ ನಿಲ್ಲುವುದಿಲ್ಲ ಎಂದು ಒಬ್ಬಳು. ಅದಕ್ಕೊಂದು ಮಾತ್ರೆ ಇದೆ, ನುಂಗಿದರೆ ಮುಂದೆ ಮಕ್ಕಳೇ ಆಗುವುದಿಲ್ಲ ಎಂದು ಇನ್ನೊಬ್ಬಳು. ಕುರುಡರು ಕುರುಡರಿಗೆ ದಾರಿ ತೋರಿಸಿದ ಹಾಗಿತ್ತು ನಮ್ಮ ವಿದ್ಯೆ.

ಒಂದು ಬುಧವಾರ ಆರೋಗ್ಯ ಕೇಂದ್ರದ ನರ್ಸಮ್ಮ ಬಂದರು. ಅವರಿಗೆ ಕೊಟ್ಟದ್ದು ಕೊನೆಯ ಒಂದು ಪೀರಿಯಡ್, ಅದೂ ಮುಖ್ಯೋಪಾಧ್ಯಾಯಿನಿಯವರು ಮೂಗು ಮುರಿದುಕೊಂಡು ಕೊಟ್ಟದ್ದು. ಕೈ ತೊಳೆಯುವುದಕ್ಕೆ ಹದಿನೈದು ನಿಮಿಷ ಹೋಯಿತು, ರಕ್ತಹೀನತೆಗೆ ಹದಿನೈದು, ಮುಟ್ಟಿನ ನೋವಿಗೆ ಹತ್ತು. ನಾಚಿಕೆಯಾಗುವ ಪ್ರಶ್ನೆಗಳನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಹಾಕಲು ಬಾಗಿಲ ಬಳಿ ಬಿಸ್ಕತ್ ಡಬ್ಬಿ ಇಟ್ಟಿದ್ದರು. ಅದರಿಂದ ಬಂದದ್ದೆಲ್ಲ ಮೊಡವೆ, ಕೂದಲು. ಇನ್ನು ಒಂದೇ ನಿಮಿಷ ಉಳಿದಿದ್ದಾಗ ನರ್ಸಮ್ಮ ಕೊನೆಯ ಚೀಟಿ ಬಿಡಿಸಿ, ಗಟ್ಟಿಯಾಗಿ ಓದಿದರು. ಎಡವಟ್ಟಾದ ಮೇಲೆ ಗರ್ಭ ನಿಲ್ಲದ ಹಾಗೆ ಮಾಡಲು ಏನಾದರೂ ದಾರಿ ಇದೆಯಾ, ಎಂದು ಅದರಲ್ಲಿತ್ತು.

ಸಭಾಂಗಣದಲ್ಲಿ ಕಿಸಕ್ಕೆಂದು ನಗು. ಗಂಟೆಯಮ್ಮ ಕೊಡತಿ ಹಿಡಿದು ಹಿಂದಿನ ಬಾಗಿಲಲ್ಲಿ ನಿಂತಿದ್ದರು. ಟೈಮ್ ಆಯಿತಲ್ಲವೇ ಎಂದು ನರ್ಸಮ್ಮ ಅವರ ಕಡೆ ನೋಡಿದರು.

ಗಂಟೆಯಮ್ಮ ಕೈಗಡಿಯಾರ ನೋಡಿಕೊಳ್ಳಲೇ ಇಲ್ಲ. "ಇನ್ನೂ ಆಗಿಲ್ಲ. ನೀವು ಹೇಳಿ," ಎಂದರು.

ನರ್ಸಮ್ಮ ಹೇಳಿದರು. ತುರ್ತು ಗರ್ಭನಿರೋಧಕ ಮಾತ್ರೆ ಎಂಬುದಿದೆ, ಮೂರು ದಿನದೊಳಗೆ ತೆಗೆದುಕೊಳ್ಳಬೇಕು ಎಂದರು. ನಾನು ಅಷ್ಟನ್ನು ಕೇಳಿಸಿಕೊಂಡೆ. ಆಮೇಲೆ ಚೀಲ ತುಂಬಿಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹೋಯಿತಲ್ಲ, ಈ ಗಂಟೆಯಮ್ಮನಿಗೆ ಇವತ್ತೇ ನಿದ್ದೆ ಬಂತೇ ಎಂದು ಪಕ್ಕದವಳ ಹತ್ತಿರ ಗೊಣಗುತ್ತ ಕೂತೆ. ಹತ್ತು ನಿಮಿಷ ಗೊಣಗಿದೆ. ನರ್ಸಮ್ಮ ಅಷ್ಟೂ ಹೊತ್ತು ಮಾತಾಡಿದ್ದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು.

ಮರುದಿನ ಮುಖ್ಯೋಪಾಧ್ಯಾಯಿನಿಯವರು ಎರಡು ಕೆಲಸ ಮಾಡಿದರು. ಗಂಟೆ ತಡವಾದದ್ದಕ್ಕೆ ಗಂಟೆಯಮ್ಮನಿಂದ ಬರಹದಲ್ಲಿ ವಿವರಣೆ ಕೇಳಿದರು. ಆ ಚೀಟಿ ಬರೆದ ಹುಡುಗಿ ಯಾರೆಂದು ಹಿಡಿಯಲು ಹತ್ತನೇ ತರಗತಿಯ ಎಲ್ಲರ ನೋಟ್ ಪುಸ್ತಕ ತರಿಸಿಕೊಂಡು ಅಕ್ಷರ ತಾಳೆ ನೋಡಿದರು. ಎರಡು ದಿನ ಅದೇ ಕೆಲಸ. ಯಾರದೂ ಹೊಂದಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಅಕ್ಕನ ಮನೆಗೆ ಹೋದೆ. ಅಕ್ಕನ ಮನೆ ನಮ್ಮಿಂದ ಎರಡು ಬೀದಿ ಆಚೆ. ಏಳು ತಿಂಗಳ ಮಗು, ಭಾವ ದೂರದ ಊರುಗಳಿಗೆ ಬಸ್ ಓಡಿಸುವವರು. ವಾರದಲ್ಲಿ ಎರಡು ರಾತ್ರಿ ಮನೆಯಲ್ಲಿದ್ದರೆ ಹೆಚ್ಚು. ಆ ಹೆರಿಗೆ ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಅಕ್ಕನಿಗೆ ರಕ್ತದೊತ್ತಡ ಏರಿ, ಫಿಟ್ಸ್ ಬಂದು, ನಾಲ್ಕು ದಿನ ಪ್ರಜ್ಞೆ ಇರಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು ಅಮ್ಮನನ್ನೂ ಭಾವನನ್ನೂ ಎದುರು ಕೂರಿಸಿಕೊಂಡು, ಕಡಿಮೆಯೆಂದರೂ ಎರಡು ವರ್ಷ ಇವಳು ಮತ್ತೆ ಬಸುರಿಯಾಗಕೂಡದು, ಹಾಗೇನಾದರೂ ಆದರೆ ಈ ಸಲದ ಹಾಗೆ ಉಳಿಸಿಕೊಡುತ್ತೇನೆ ಎಂದು ಹೇಳಲಾರೆ ಎಂದಿದ್ದರು.

ಅಕ್ಕ ಮಗುವಿನ ಬಟ್ಟೆ ಒಗೆಯುತ್ತಿದ್ದಳು. ನಲ್ಲಿ ಸುಮ್ಮನೆ ಹರಿಯುತ್ತಿತ್ತು, ಅವಳ ಕೈ ಓಡುತ್ತಿರಲಿಲ್ಲ. ಕಣ್ಣು ಕೆಂಪಗಾಗಿತ್ತು. ಏನೆಂದು ಕೇಳಿದರೆ ನಿನ್ನ ಹತ್ತಿರ ಹೇಳುವ ಮಾತಲ್ಲ ಎಂದಳು. ಆಮೇಲೆ ನಲ್ಲಿ ನಿಲ್ಲಿಸಿ ಅವಳೇ, ನಿನ್ನೆ ರಾತ್ರಿ ಒಂದು ಎಡವಟ್ಟಾಯಿತು, ಡಾಕ್ಟರು ಬೇಡ ಎಂದದ್ದೇ ಆಗಿಬಿಟ್ಟರೆ ಏನು ಮಾಡಲಿ ಎಂದಳು. ಭಾವ ಬೆಳಿಗ್ಗೆ ಡ್ಯೂಟಿಗೆ ಹೋಗಿಯಾಗಿತ್ತು. ಬರುವುದು ಮಂಗಳವಾರ.

ಎಡವಟ್ಟು ಎಂಬ ಮಾತು ಕೇಳಿದ್ದೇ ನನಗೆ ಚೀಟಿ ನೆನಪಾಯಿತು. ಹದಿನೈದು ವರ್ಷದ ನನಗೆ ಆ ಗಳಿಗೆಯಲ್ಲಿ ಆದ ಹೆಮ್ಮೆ ಈಗಲೂ ನಾಚಿಕೆ ತರಿಸುತ್ತದೆ. ಅದಕ್ಕೊಂದು ಮಾತ್ರೆ ಇದೆ ಅಕ್ಕ, ಮೂರು ದಿನದೊಳಗೆ ತೆಗೆದುಕೊಂಡರೆ ಆಯಿತು ಎಂದೆ. ಬೆರಳು ಮಡಿಸಿ ಲೆಕ್ಕವನ್ನೂ ಹಾಕಿಕೊಟ್ಟೆ. ಇವತ್ತು ಒಂದು. ನಾಳೆ ಭಾನುವಾರ, ಲೆಕ್ಕಕ್ಕಿಲ್ಲ. ಸೋಮವಾರ ಶಾಲೆಗೆ ಸುಣ್ಣ ಹೊಡೆಯುತ್ತಾರೆ, ರಜೆ. ಮಂಗಳವಾರ ಎರಡು, ಬುಧವಾರ ಮೂರು. ಶಾಲೆಯಲ್ಲಿ ಕೇಳಿದ ಮಾತಿಗೆ ಶಾಲೆಯ ಲೆಕ್ಕ ಬಿಟ್ಟು ಬೇರೆ ಲೆಕ್ಕ ಇರಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅಲ್ಪವಿದ್ಯಾ ಮಹಾಗರ್ವಿ ಎನ್ನುವುದು ಸುಮ್ಮನೆ ಅಲ್ಲ.

ಅಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಬೀದಿ ಕೊನೆಯ ಔಷಧಿ ಅಂಗಡಿಯವರು ಅವಳ ಮಾವನ ಗೆಳೆಯರು, ಅಲ್ಲಿ ಹೋಗಿ ಕೇಳಲು ಅವಳಿಗೆ ಬಾಯಿ ಬರುವುದಿಲ್ಲ. ಮಂಗಳವಾರ ನಿಮ್ಮ ಭಾವನ ಕೈಲೇ ತರಿಸುತ್ತೇನೆ, ಹೇಗೂ ಬುಧವಾರದವರೆಗೆ ಟೈಮ್ ಇದೆಯಲ್ಲ ಎಂದಳು. ಇದೆ ಎಂದೆ. ಆ ದಿನ ನಾನು ಬಾಯಿ ಮುಚ್ಚಿಕೊಂಡಿದ್ದಿದ್ದರೆ ಅವಳು ಹೆದರಿಕೆಗಾದರೂ ಡಾಕ್ಟರ ಬಳಿ ಓಡುತ್ತಿದ್ದಳು. ಅವಳನ್ನು ಸುಮ್ಮನೆ ಕೂರಿಸಿದವಳು ನಾನು.

ಸೋಮವಾರ ಸುಣ್ಣದವರಿಗೆ ಜಾಗ ಬಿಡಿಸಿಕೊಡಲು ಲೈಬ್ರರಿ ಪುಸ್ತಕ ಸಾಗಿಸುವ ಕೆಲಸಕ್ಕೆ ನಾಲ್ಕೈದು ಹುಡುಗಿಯರನ್ನು ಕರೆಸಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಉಳಿದವರು ನೀರು ಕುಡಿಯಲು ಹೋದಾಗ ನಾನೂ ಗಂಟೆಯಮ್ಮನೂ ಪುಸ್ತಕದ ಕಟ್ಟುಗಳ ಮೇಲೆ ಕೂತಿದ್ದೆವು. ನನಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲದು. ನೀವು ಗಂಟೆ ತಡ ಮಾಡಿ ಬೈಸಿಕೊಂಡಿರಿ, ಆದರೆ ಅದು ನಮ್ಮ ಅಕ್ಕನಿಗೆ ಉಪಯೋಗಕ್ಕೆ ಬಂತು ಎಂದು ಹೇಳಿ ಎಲ್ಲವನ್ನೂ ಒದರಿದೆ, ಬೆರಳು ಮಡಿಸಿದ ಲೆಕ್ಕದ ಸಮೇತ.

ಗಂಟೆಯಮ್ಮನ ಮುಖ ಬಿಳಿಚಿತು. ಕೈಗಡಿಯಾರ ತಿರುಗಿಸಿ ನೋಡಿದರು.

"ಶುಕ್ರವಾರ ರಾತ್ರಿ ಅಂದ್ಯಾ? ಎಷ್ಟು ಹೊತ್ತಿಗೆ?"

"ಹತ್ತು ಗಂಟೆ ಇರಬಹುದು."

"ನರ್ಸಮ್ಮ ಗಂಟೆ ಲೆಕ್ಕ ಹೇಳಿದ್ರು ಮಗಳೇ. ಎಪ್ಪತ್ತೆರಡು ಗಂಟೆ. ಅದೂ ಎಷ್ಟು ಬೇಗ ತಗೊಂಡ್ರೆ ಅಷ್ಟು ಒಳ್ಳೇದು ಅಂದ್ರು. ಇವತ್ತು ರಾತ್ರಿ ಹತ್ತಕ್ಕೆ ಮುಗೀತು."

ಮಧ್ಯೆ ಭಾನುವಾರ ಬಂತಲ್ಲ ಎಂದು ತೊದಲಿದೆ.

"ಮೈಗೆ ಭಾನುವಾರ ಇಲ್ಲ. ನಡಿ," ಎಂದರು ಗಂಟೆಯಮ್ಮ.

ಐವತ್ತನಾಲ್ಕು ವರ್ಷದವರು ಅಷ್ಟು ಬಿರುಸಾಗಿ ನಡೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಸೀರೆಗೆ ಸುಣ್ಣ ಮೆತ್ತಿತ್ತು, ಕೊಡವಿಕೊಳ್ಳಲೂ ನಿಲ್ಲಲಿಲ್ಲ. ದಾರಿಯಲ್ಲಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ತಮ್ಮ ಅಕ್ಕನ ವಿಷಯ ಮಾತ್ರ ಹೇಳಿದರು. ಮೂರನೆಯ ಹೆರಿಗೆಯಲ್ಲಿ, ಇನ್ನು ಬೇಡ ಎಂದು ಸೂಲಗಿತ್ತಿಯೂ ಡಾಕ್ಟರೂ ಹೇಳಿದ್ದರಂತೆ. ಬೇಡ ಎಂದರೇ ಹೊರತು ಹೇಗೆ ಎಂದು ಯಾರೂ ಹೇಳಲಿಲ್ಲ. ನಾಲ್ಕನೆಯದರಲ್ಲಿ ತೀರಿಕೊಂಡಳು. ಆಗ ನನಗೂ ನಿನ್ನಷ್ಟೇ ವಯಸ್ಸು, ಬಾಗಿಲ ಹೊರಗೆ ಕೂತಿದ್ದೆ ಎಂದರು.

ಅಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮಲಗಿಸುತ್ತಿದ್ದಳು. ಗಂಟೆಯಮ್ಮ ಸುತ್ತಿಬಳಸದೆ ವಿಷಯ ಹೇಳಿದರು. ಅಕ್ಕ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಆಮೇಲೆ ತಲೆ ತಗ್ಗಿಸಿ, ಮೂರು ದಿನ ಸುಮ್ಮನೆ ಕೂತೆನಲ್ಲ, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಎಂದಳು.

"ಇನ್ನೂ ಮಿಂಚಿಲ್ಲ," ಎಂದರು ಗಂಟೆಯಮ್ಮ. "ಆರೂವರೆ ಗಂಟೆ ಇದೆ. ಎದ್ದೇಳಮ್ಮ."

ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮೂವರೂ ಹೊರಟೆವು. ಗುರುತಿನವರ ಅಂಗಡಿ ಬಿಟ್ಟು ಮಾರುಕಟ್ಟೆಯ ಹಿಂದಿನ ಔಷಧಿ ಅಂಗಡಿಗೆ ಹೋದೆವು. ಕೌಂಟರಿನಲ್ಲಿ ಕೂತಿದ್ದವನು ಗಂಟೆಯಮ್ಮ ಕೇಳಿದ್ದನ್ನು ಕೇಳಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. ಯೂನಿಫಾರ್ಮ್ ಹಾಕಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದ, ಅಕ್ಕನನ್ನು ನೋಡಿದ. ಯಾರಿಗೆ ಎಂದ. ಹಿಂದೆ ನಿಂತಿದ್ದ ಗಿರಾಕಿಗಳೂ ಕಿವಿ ನಿಮಿರಿಸಿದರು. ಅಕ್ಕ ಸೆರಗು ಹಿಂಡುತ್ತ ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು ಹೆಜ್ಜೆ ಸರಿದಿದ್ದರೆ ಬೀದಿ, ಬೀದಿಗಿಳಿದಿದ್ದರೆ ಮನೆ.

ಗಂಟೆಯಮ್ಮ ನರೆತ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡರು.

"ನನಗೆ," ಎಂದರು. "ಕೊಡಪ್ಪ."

ಅವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಹಿಂದಿದ್ದ ಮುದುಕರೊಬ್ಬರು ಕೆಮ್ಮು ಬಂದವರ ಹಾಗೆ ಮುಖ ತಿರುಗಿಸಿಕೊಂಡರು. ಅವನು ಒಳಗೆ ಹೋಗಿ ಸಣ್ಣ ಪೆಟ್ಟಿಗೆ ತಂದು ಕವರಿಗೆ ಹಾಕಿ ಕೊಟ್ಟ. ಅಷ್ಟೆ. ಒಂದು ಹೆಂಗಸಿನ ಜೀವ ಉಳಿಸುವ ಕೆಲಸಕ್ಕೆ ಅಷ್ಟು ಹೊತ್ತು ಸಾಕಿತ್ತು, ಯಾರಿಗೆ ಎಂಬ ಪ್ರಶ್ನೆ ಬೇಕಿರಲಿಲ್ಲ.

ಅಕ್ಕ ಪಕ್ಕದ ಮನೆಯಿಂದ ಮಗುವನ್ನು ಎತ್ತಿಕೊಂಡು ಮನೆಗೆ ಬಂದು ಮಾತ್ರೆ ನುಂಗಿದಳು. ಆಗ ನಾಲ್ಕು ಗಂಟೆ ಹತ್ತು ನಿಮಿಷ. ಗಂಟೆಯಮ್ಮ ಹೋಗುತ್ತಾರೆಂದುಕೊಂಡರೆ ಹೊಸ್ತಿಲ ಮೇಲೆ ಕೂತರು. ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ, ನರ್ಸಮ್ಮ ಹೇಳಿದ್ದಾರೆ ಎಂದರು. ಇದು ನಿಂತ ಗರ್ಭ ತೆಗೆಯುವ ಮಾತ್ರೆಯಲ್ಲ, ನಿಲ್ಲದಂತೆ ತಡೆಯುವುದಷ್ಟೇ, ಹೆದರಬೇಡ ಎಂದು ಅಕ್ಕನಿಗೆ ಹೇಳಿದರು. ಮುಟ್ಟು ಒಂದು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಸಬೇಕು, ಇದನ್ನೇ ಅಭ್ಯಾಸ ಮಾಡಿಕೊಳ್ಳಬಾರದು, ನಾಳೆಯೇ ಆರೋಗ್ಯ ಕೇಂದ್ರಕ್ಕೆ ಹೋಗಿ ಸರಿಯಾದ ಏರ್ಪಾಟು ಮಾಡಿಸಿಕೋ ಎಂದರು. ನಾನು ಬಸ್ಸಿನ ಸೀಟಿಗಾಗಿ ಗೊಣಗಿದ ಆ ಹತ್ತು ನಿಮಿಷ ಒಂದಕ್ಷರ ಬಿಡದೆ ಅವರ ಬಾಯಿಂದ ಬಂತು.

ಅಷ್ಟು ಹೇಳಿ ಮಗುವನ್ನು ಎತ್ತಿಕೊಂಡು ಆಡಿಸುತ್ತ ಕೂತರು. ಮಗು ಅವರ ಗಡಿಯಾರವನ್ನು ಬಾಯಿಗೆ ಹಾಕಿಕೊಂಡಿತು. ಆರು ಗಂಟೆ ಹತ್ತು ನಿಮಿಷಕ್ಕೆ ಅದರ ಬಾಯಿಂದ ಗಡಿಯಾರ ಬಿಡಿಸಿ, ಜೊಲ್ಲು ಒರೆಸಿ ನೋಡಿ, "ಎರಡು ಗಂಟೆ ಆಯ್ತು. ನಾನಿನ್ನು ಬರ್ತೀನಿ," ಎಂದು ಎದ್ದರು.

ಆಮೇಲಿನ ಹದಿಮೂರು ದಿನ ನಾನು ಮನೆಯಲ್ಲಿ ಮಾತಾಡಿದ್ದೇ ಕಡಿಮೆ. ಅಮ್ಮ ನನಗೆ ಜ್ವರ ಇರಬೇಕೆಂದು ಹಣೆ ಮುಟ್ಟಿ ನೋಡಿದಳು. ಹೊತ್ತು ಮೀರಿದಷ್ಟೂ ಮಾತ್ರೆಯ ಬಲ ಕಡಿಮೆ ಎಂದು ಈಗ ನನಗೂ ಗೊತ್ತಿತ್ತು. ಶನಿವಾರವೇ ಆಗಬೇಕಿದ್ದದ್ದು ಸೋಮವಾರ ಆಗಿತ್ತು. ಹದಿನಾಲ್ಕನೆಯ ದಿನ ಅಕ್ಕ ನಮ್ಮ ಮನೆ ಬಾಗಿಲಿಗೆ ಬಂದು, ಒಳಗೆ ಅಮ್ಮ ಇದ್ದದ್ದರಿಂದ ಏನೂ ಹೇಳದೆ, ನನ್ನ ಜಡೆ ಹಿಡಿದು ಎಳೆದು ನಕ್ಕಳು. ನಾನು ಶಾಲೆಗೆ ಓಡಿದೆ. ಗಂಟೆಯಮ್ಮ ಮೊದಲ ಗಂಟೆಗೆ ಕೊಡತಿ ಎತ್ತಿದ್ದರು. ಬಂತು ಎಂದೆ. ಅವರು ಕೊಡತಿ ಎತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು ಗಂಟೆ ಹೊಡೆದರು, ಸರಿಯಾದ ಹೊತ್ತಿಗೇ.

ಇನ್ನು ಆ ಚೀಟಿಯ ವಿಷಯ. ಅದು ತಿಳಿದದ್ದು ಗಂಟೆಯಮ್ಮ ನಿವೃತ್ತರಾದ ದಿನ, ಮುಖ್ಯೋಪಾಧ್ಯಾಯಿನಿಯವರ ಭಾಷಣದಲ್ಲಿ. ಗಂಟೆ ತಡವಾದದ್ದಕ್ಕೆ ಗಂಟೆಯಮ್ಮ ಕೊಟ್ಟ ವಿವರಣೆಯನ್ನು ಅವರು ಕಾಪಾಡಿ ಇಟ್ಟುಕೊಂಡಿದ್ದರು, ಓದಿದರು. ಗಡಿಯಾರ ಸರಿಯಾಗಿತ್ತು, ನಾನೇ ಹೊಡೆಯಲಿಲ್ಲ, ಎಂದು ಎರಡೇ ಸಾಲು. ಒಂದೊಂದು ಅಕ್ಷರ ಒಂದೊಂದು ಕಡೆ ವಾಲಿತ್ತಂತೆ, ಚೀಟಿಯಲ್ಲಿದ್ದ ಹಾಗೆಯೇ. ಮೂವತ್ತೆಂಟು ಹುಡುಗಿಯರ ನೋಟ್ ಪುಸ್ತಕ ಜಾಲಾಡಿದ್ದಕ್ಕೆ ನನಗೇ ನಾಚಿಕೆಯಾಯಿತು, ಮುಂದಿನ ವರ್ಷದಿಂದ ನರ್ಸಮ್ಮನಿಗೆ ಎರಡು ಪೀರಿಯಡ್ ಕೊಟ್ಟೆ ಎಂದರು. ಗಂಟೆಯಮ್ಮ ವೇದಿಕೆಯ ಮೇಲೆ ಸೀರೆಯ ನೆರಿಗೆ ಸರಿ ಮಾಡಿಕೊಳ್ಳುತ್ತ ಕೂತಿದ್ದರು.

ಹದಿನಾಲ್ಕು ವರ್ಷದಿಂದ ನಾನು ಔಷಧಿ ಅಂಗಡಿಯ ಕೌಂಟರಿನ ಆಚೆ ನಿಂತಿದ್ದೇನೆ. ಬಾಯಿ ಜೋರು ಎಂದು ಹೆಸರು. ಆದರೆ ಆ ಮಾತ್ರೆ ಕೇಳಿ ಬಂದವರನ್ನು ಯಾರಿಗೆ ಎಂದು ಈವರೆಗೆ ಕೇಳಿಲ್ಲ. ಎಷ್ಟು ಗಂಟೆಯಾಯಿತು ಎಂದಷ್ಟೇ ಕೇಳುತ್ತೇನೆ. ಹಾಗೆ ಕೇಳಿದಾಗಲೆಲ್ಲ ಗಂಟೆಯಮ್ಮನಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಈಗ ವರ್ಷಕ್ಕೊಮ್ಮೆ ನರ್ಸಮ್ಮನ ಬದಲು ನಮ್ಮ ಶಾಲೆಗೆ ಹೋಗಿ ಆ ಪಾಠ ಹೇಳುವವಳು ನಾನೇ. ಈ ವರ್ಷ ಗಂಟೆಯಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಎಪ್ಪತ್ತಮೂರು ವರ್ಷ, ಮಂಡಿ ನೋವು. ಹಿಂದಿನ ಬಾಗಿಲ ಬಳಿ ಕುರ್ಚಿ ಹಾಕಿಸಿ ಕೂರಿಸಿದೆ. ಹಿತ್ತಾಳೆಯ ತಟ್ಟೆ ಈಗಿಲ್ಲ, ಕರೆಂಟಿನ ಗಂಟೆ ಬಂದಿದೆ, ತಾನೇ ಹೊಡೆದುಕೊಳ್ಳುತ್ತದೆ. ನಾನು ಬೋರ್ಡಿನ ಮೇಲೆ ಎಪ್ಪತ್ತೆರಡು ಗಂಟೆ ಎಂದು ಬರೆದು, ಅದರ ಕೆಳಗೆ ಭಾನುವಾರವೂ ಲೆಕ್ಕಕ್ಕೆ ಎಂದು ಬರೆಯುತ್ತಿದ್ದೆ. ಅರ್ಧ ಬರೆದಿದ್ದೆ, ಕರೆಂಟಿನ ಗಂಟೆ ಕಿರ್ರೆಂದು ಕಿರುಚಿತು. ಹುಡುಗಿಯರು ಚೀಲ ಹೆಗಲಿಗೇರಿಸಿ ಎದ್ದರು. ಎರಡನೇ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಎದ್ದವಳು ನನ್ನ ಅಕ್ಕನ ಎರಡನೇ ಮಗಳು. ಡಾಕ್ಟರು ಹೇಳಿದ ಎರಡು ವರ್ಷ ಕಳೆದು, ಮೈ ಗಟ್ಟಿಯಾಗಿ, ಬೇಕೆಂದು ಹಡೆದ ಮಗು. ಈಗ ಅವಳಿಗೆ ಹದಿನಾಲ್ಕು, ಅವಳಿಗೂ ಬಸ್ಸಿನ ಕಿಟಕಿ ಸೀಟಿನ ಅವಸರ.

ಹಿಂದಿನಿಂದ ಗಂಟೆಯಮ್ಮ ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

"ಇನ್ನೂ ಆಗಿಲ್ಲ. ಕೂತ್ಕೊಳ್ಳಿ," ಎಂದರು.

ಎಲ್ಲರೂ ಕೂತರು. ಅವಳೂ ಕೂತಳು. ನಾನು ಉಳಿದದ್ದನ್ನು ಬರೆದು ಮುಗಿಸಿದೆ.